ಯಾವ ಕ್ಲಾಸ್‌ಗೆ ಯಾವ ರೇಸ್? ಆಡಿ ನೋಡಿದ ಜೋಡಿಗಳ ಹೋಲಿಕೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ (ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ ಪಾತ್ರಾಭಿನಯದ ಆಟ) ಹೊಸ ಪಾತ್ರ ಮಾಡುವಾಗ ಅದಕ್ಕೊಂದು ಕ್ಲಾಸ್ (ಪಾತ್ರದ ಕಸುಬು) ಮತ್ತು ರೇಸ್ (ಪಾತ್ರದ ಕುಲ) ಆರಿಸಬೇಕು. ಆಗ ಸುಮಾರು ಜನ ಮೊದಲು ನೋಡುವುದು ಒಂದೇ: ಈ ಕ್ಲಾಸ್‌ಗೆ ಬೇಕಾದ ಅಂಕಕ್ಕೆ (ಬಲ, ಚುರುಕು, ದೇಹಗಟ್ಟಿತನ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣಗಳಿಗೆ ಒಂದೊಂದು ಅಂಕ) ಯಾವ ರೇಸ್ +2 ಅಥವಾ +1 ಕೊಡುತ್ತದೆ? ಬಾರ್ಬೇರಿಯನ್ (ಆವೇಶದ ಯೋಧ) ಅಂದರೆ ಹಾಫ್-ಆರ್ಕ್, ವಿಝರ್ಡ್ (ಮಂತ್ರವಾದಿ) ಅಂದರೆ ಹೈ ಎಲ್ಫ್ ಅಥವಾ ನೋಮ್, ರೋಗ್ (ಅಡಗಿ ಹೊಡೆಯುವವನು) ಅಂದರೆ ಹಾಫ್‌ಲಿಂಗ್. ಅಲ್ಲಿಗೆ ಮುಗಿಯಿತು. ನಾನು ಈ ಜೋಡಿಗಳನ್ನೂ ಆಡಿದ್ದೇನೆ, ಜೊತೆಗೆ ಆಡುವವರು "ಇದ್ಯಾಕೆ ಹೀಗೆ?" ಅಂತ ಕೇಳುವಂಥ ಜೋಡಿಗಳನ್ನೂ ಆಡಿದ್ದೇನೆ. ನನಗೆ ಅನ್ನಿಸಿದ್ದನ್ನು ನೇರವಾಗಿ ಹೇಳುತ್ತೇನೆ. ಕ್ಲಾಸ್ ಈಗಾಗಲೇ ಕೊಟ್ಟಿರುವುದನ್ನೇ ಇನ್ನೊಂದಿಷ್ಟು ಸುರಿಯುವ ರೇಸ್‌ಗಿಂತ, ಕ್ಲಾಸ್‌ನಲ್ಲಿ ಇಲ್ಲದ್ದನ್ನು ತಂದುಕೊಡುವ ರೇಸ್ ಆಟದಲ್ಲಿ ಜಾಸ್ತಿ ಕೆಲಸಕ್ಕೆ ಬರುತ್ತದೆ. ಎಲ್ಲ ಸಲವೂ ಅಲ್ಲ, ಆದರೆ ಬಹಳಷ್ಟು ಸಲ.

ಇಲ್ಲಿ ಹೇಳುತ್ತಿರುವುದು ಐದನೇ ಆವೃತ್ತಿಯ 2014ರ ನಿಯಮಗಳ ಬಗ್ಗೆ. 2024ರಲ್ಲಿ ಬಂದ ಬದಲಾವಣೆ ಕೊನೆಗೆ ಹೇಳುತ್ತೇನೆ. ಅಂಕಗಳಿಗೆ ಎಲ್ಲರಿಗೂ ಸಿಗುವ 15, 14, 13, 12, 10, 8 ಪಟ್ಟಿಯನ್ನೇ ಇಟ್ಟುಕೊಳ್ಳೋಣ.

ಮೊದಲು ಆ +2 ಅಂದರೆ ಎಷ್ಟು ಅಂತ ನೋಡಿ. 15 ಇದ್ದರೆ ದಾಳಕ್ಕೆ ಸೇರುವುದು +2, 17 ಆದರೆ +3. ಅಂದರೆ ವ್ಯತ್ಯಾಸ ಒಂದು. 20 ಮುಖದ ದಾಳದಲ್ಲಿ ಒಂದೇ ಒಂದು ಮುಖ, ಶೇಕಡಾ 5. ಏಟು ಬಿದ್ದಾಗ ಒಂದು ಪಾಯಿಂಟ್ ಹೆಚ್ಚು ಪೆಟ್ಟು. ಇದು ಸುಮ್ನೆ ತಳ್ಳಿಹಾಕುವಷ್ಟು ಚಿಕ್ಕದಲ್ಲ, ಯಾಕೆಂದರೆ ಪ್ರತಿ ಏಟಿಗೂ ಇದು ಲೆಕ್ಕಕ್ಕೆ ಬರುತ್ತದೆ ಮತ್ತು ಎರಡೂ ಪಾತ್ರಗಳು 20ರ ಮಿತಿ ಮುಟ್ಟುವ ತನಕ ಈ ಅಂತರ ಉಳಿದೇ ಇರುತ್ತದೆ. ಆದರೆ ಅದಕ್ಕಾಗಿ ಏನನ್ನು ಬಿಟ್ಟುಕೊಡುತ್ತೀರಿ ಅನ್ನುವುದನ್ನೂ ನೋಡಬೇಕು ಅಲ್ವಾ.

ಬಾರ್ಬೇರಿಯನ್‌ನಿಂದಲೇ ಶುರು ಮಾಡೋಣ, ಇಲ್ಲೇ ಹೋಲಿಕೆ ತುಂಬ ಚೆನ್ನಾಗಿ ಕಾಣುತ್ತದೆ.

ಹಾಫ್-ಆರ್ಕ್ ಬಾರ್ಬೇರಿಯನ್ ಎಲ್ಲರೂ ಹೇಳುವಷ್ಟೇ ಚೆನ್ನಾಗಿದೆ. ಬಲಕ್ಕೆ +2, ದೇಹಗಟ್ಟಿತನಕ್ಕೆ +1. ಆದರೆ ನನಗೆ ಇದರಲ್ಲಿ ಇಷ್ಟವಾಗಿದ್ದು ಅಂಕಗಳಲ್ಲ. ಹಿಟ್ ಪಾಯಿಂಟ್ (ಪಾತ್ರದ ಪ್ರಾಣದ ಲೆಕ್ಕ) ಸೊನ್ನೆಗೆ ಬಿದ್ದಾಗ, ಒಂದು ದೀರ್ಘ ವಿಶ್ರಾಂತಿಗೆ ಒಂದು ಸಲ, ಹಾಫ್-ಆರ್ಕ್ 1ರಲ್ಲಿ ನಿಂತುಬಿಡುತ್ತಾನೆ. ಬಾರ್ಬೇರಿಯನ್ ಪ್ರಜ್ಞೆ ತಪ್ಪಿದರೆ ರೇಜ್ (ಈ ಕ್ಲಾಸ್‌ನ ಆವೇಶದ ಸ್ಥಿತಿ) ಕೂಡ ಅಲ್ಲಿಗೇ ಮುಗಿಯುತ್ತದೆ, ಮತ್ತೆ ಶುರು ಮಾಡಬೇಕೆಂದರೆ ಇನ್ನೊಂದು ರೇಜ್ ಖರ್ಚು. 1ರಲ್ಲಿ ನಿಂತರೆ ರೇಜ್ ಉಳಿಯುತ್ತದೆ, ಕತ್ತಿ, ಬಾಣ, ದೊಣ್ಣೆ ಏಟುಗಳು ಇನ್ನೂ ಅರ್ಧಕ್ಕೇ ಇಳಿಯುತ್ತವೆ, ನಿಮ್ಮ ಸರದಿಯೂ ಕೈತಪ್ಪುವುದಿಲ್ಲ. ಇನ್ನು ಕ್ರಿಟಿಕಲ್ (20 ಮುಖದ ದಾಳದಲ್ಲಿ 20 ಬಿದ್ದು ಪೆಟ್ಟಿನ ದಾಳ ಎರಡರಷ್ಟಾಗುವುದು) ಬಿದ್ದಾಗ ಆಯುಧದ ದಾಳ ಒಂದು ಹೆಚ್ಚು ಸಿಗುತ್ತದೆ. ಗ್ರೇಟ್‌ಆಕ್ಸ್ ಹಿಡಿದಿದ್ದರೆ 12 ಮುಖದ ದಾಳ ಮೂರು, ಒಂಬತ್ತನೇ ಲೆವೆಲ್ ನಂತರ ನಾಲ್ಕು. ರೆಕ್ಲೆಸ್ ಅಟ್ಯಾಕ್‌ನಿಂದ ಪ್ರತಿ ಏಟಿಗೂ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವ (ಇದಕ್ಕೇ ಅಡ್ವಾಂಟೇಜ್ ಅನ್ನುವುದು) ಕ್ಲಾಸ್ ಇದು, ಆಗ ಕ್ರಿಟಿಕಲ್ ಸಾಧ್ಯತೆ ಶೇಕಡಾ 5ರಿಂದ ಹತ್ತಿರಹತ್ತಿರ 10ಕ್ಕೆ ಏರುತ್ತದೆ. ರೇಸ್‌ನ ಗುಣ ಮತ್ತು ಕ್ಲಾಸ್‌ನ ಗುಣ ಒಂದಕ್ಕೊಂದು ಕೈ ಜೋಡಿಸುವುದು ಅಂದರೆ ಇದು.

ಆದರೂ ಇದೇ ಹಾಫ್-ಆರ್ಕ್ ಎದುರಾಳಿಯ ಒಂದು ಹೋಲ್ಡ್ ಪರ್ಸನ್ ಮಂತ್ರಕ್ಕೆ ಕಂಬದ ಹಾಗೆ ನಿಂತುಬಿಡುತ್ತಾನೆ. ಬಾರ್ಬೇರಿಯನ್‌ಗೆ ಬಲದ ಸೇವ್‌ನಲ್ಲಿ (ಅಪಾಯದಿಂದ ಪಾರಾಗಲು ಉರುಳಿಸುವ ದಾಳ) ಪರಿಣತಿ ಇದೆ, ದೇಹದ ಸೇವ್‌ನಲ್ಲೂ ಇದೆ, ಎರಡನೇ ಲೆವೆಲ್‌ನಿಂದ ಚುರುಕಿನ ಸೇವ್‌ಗೂ ಬಹಳ ಸಲ ಅಡ್ವಾಂಟೇಜ್ ಸಿಗುತ್ತದೆ. ಮನಸ್ಸಿನ ಕಡೆ ಮಾತ್ರ ಏನೂ ಇಲ್ಲ. ಪಾರ್ಟಿಯಲ್ಲಿ (ಆಟಗಾರರ ತಂಡದಲ್ಲಿ) ಅತಿ ಹೆಚ್ಚು ಪೆಟ್ಟು ಕೊಡುವವನು ಅಲ್ಲಾಡದೆ ನಿಂತರೆ, ಹತ್ತಿರದಿಂದ ತಗಲುವ ಪ್ರತಿ ಏಟೂ ಅವನ ಮೇಲೆ ಕ್ರಿಟಿಕಲ್.

ಈಗ ರಾಕ್ ನೋಮ್ ಬಾರ್ಬೇರಿಯನ್ ನೋಡಿ. ಬಲಕ್ಕೆ ಒಂದೂ ಇಲ್ಲ. +2 ಹೋಗುವುದು ಬುದ್ಧಿಗೆ, ಅದು ಈ ಕ್ಲಾಸ್‌ಗೆ ಬೇಕಿಲ್ಲ. ನಡಿಗೆ 30 ಅಡಿಯ ಬದಲು 25. ಗಾತ್ರ ಚಿಕ್ಕದು, ಹಾಗಾಗಿ ಗ್ರೇಟ್‌ಆಕ್ಸ್‌ನಂಥ ಭಾರಿ ಆಯುಧ ಹಿಡಿದರೆ ಎರಡು ದಾಳದಲ್ಲಿ ಚಿಕ್ಕದೇ ಲೆಕ್ಕಕ್ಕೆ ಬರುವ ಡಿಸ್‌ಅಡ್ವಾಂಟೇಜ್. ನಾನು ಲಾಂಗ್‌ಸೋರ್ಡ್ ಅನ್ನು ಎರಡು ಕೈಯಲ್ಲಿ ಹಿಡಿದು ಆಡಿದೆ, 12 ಮುಖದ ದಾಳ 10 ಮುಖಕ್ಕೆ ಇಳಿಯಿತು, ಅಂದರೆ ಸರಾಸರಿ ಒಂದು ಪಾಯಿಂಟ್ ನಷ್ಟ. ಬಲದ ಅಂತರವೂ ಸೇರಿದರೆ ಏಟಿಗೆ ಎರಡು ಪಾಯಿಂಟ್.

ಅದಕ್ಕೆ ಬದಲಾಗಿ ಸಿಗುವುದು ನೋಮ್ ಕನ್ನಿಂಗ್. ಮಂತ್ರಗಳ ವಿರುದ್ಧ ಬುದ್ಧಿ, ವಿವೇಕ, ವರ್ಚಸ್ಸು, ಈ ಮೂರೂ ಸೇವ್‌ಗಳಿಗೆ ಅಡ್ವಾಂಟೇಜ್. ಲೆಕ್ಕ ಹಾಕಿ: ವಿವೇಕ 12 (ದಾಳಕ್ಕೆ +1), ಮಂತ್ರದ ಡಿಸಿ (ಸೇವ್ ಮುಟ್ಟಬೇಕಾದ ಸಂಖ್ಯೆ) 13 ಅಂದುಕೊಂಡರೆ ದಾಳದಲ್ಲಿ 12 ಅಥವಾ ಮೇಲೆ ಬೀಳಬೇಕು. ಹಾಫ್-ಆರ್ಕ್‌ಗೆ ಶೇಕಡಾ 45. ನೋಮ್‌ಗೆ ಸುಮಾರು 70. ನಿಂತುಬಿಟ್ಟ ಬಾರ್ಬೇರಿಯನ್ ಕೊಡುವ ಪೆಟ್ಟು ಸೊನ್ನೆ, ಅದನ್ನು ಏಟಿಗೆ ಎರಡು ಪಾಯಿಂಟ್ ಜೊತೆ ತೂಗಿ ನೋಡಿ. ಡಿಎಂ (ಆಟ ನಡೆಸುವವರು) ಮಂತ್ರವಾದಿಗಳನ್ನು ಹೆಚ್ಚಾಗಿ ಎದುರಿಗೆ ತರುವ ಕ್ಯಾಂಪೇನ್‌ನಲ್ಲಿ ನಾನು ಯೋಚನೆಯೇ ಮಾಡದೆ ನೋಮ್ ತೆಗೆದುಕೊಳ್ಳುತ್ತೇನೆ. ಪ್ರಾಣಿಗಳು, ದೈತ್ಯರು, ದರೋಡೆಕೋರರೇ ತುಂಬಿದ ಕಥೆಯಾದರೆ ಹಾಫ್-ಆರ್ಕ್.

ವಿಝರ್ಡ್ ವಿಷಯದಲ್ಲೂ ಮೂರು ಜೋಡಿಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ರಾಕ್ ನೋಮ್ ವಿಝರ್ಡ್‌ಗೆ ಬುದ್ಧಿ 17, ಪುಸ್ತಕದ ಪ್ರಕಾರ ಇದಕ್ಕಿಂತ ಒಳ್ಳೆ ಜೋಡಿ ಇಲ್ಲ ಅನ್ನಿಸುತ್ತದೆ. ಆದರೆ ವಿಝರ್ಡ್‌ಗೆ ಬುದ್ಧಿ ಮತ್ತು ವಿವೇಕದ ಸೇವ್‌ಗಳಲ್ಲಿ ಮೊದಲೇ ಪರಿಣತಿ ಇದೆ. ಬಾರ್ಬೇರಿಯನ್‌ನಲ್ಲಿ ದೊಡ್ಡ ತೂತು ಮುಚ್ಚಿದ ಅದೇ ಗುಣ ಇಲ್ಲಿ ಇದ್ದ ಗೋಡೆಗೇ ಇನ್ನೊಂದು ಪದರ ಸೇರಿಸುತ್ತದೆ, ಅಷ್ಟೆ. ಹೈ ಎಲ್ಫ್‌ಗೆ ಬುದ್ಧಿ 16, ಚುರುಕು 16, ಮೇಲೆ ಒಂದು ಕ್ಯಾಂಟ್ರಿಪ್ (ಎಷ್ಟು ಸಲ ಬೇಕಾದರೂ ಹಾಕಬಹುದಾದ ಚಿಕ್ಕ ಮಂತ್ರ) ಉಚಿತ. ಮೇಜ್ ಆರ್ಮರ್ (ರಕ್ಷಣೆಯ ಮಂತ್ರ) ಹಾಕಿಕೊಂಡರೆ ಎಸಿ (ಏಟು ತಗಲಲು ಎದುರಾಳಿ ಮುಟ್ಟಬೇಕಾದ ಸಂಖ್ಯೆ) 16. ಆಡಲು ಹಗುರವಾಗಿದೆ, ಎಲ್ಲೂ ತೊಡಕಿಲ್ಲ, ಮೊದಲ ಸಲ ವಿಝರ್ಡ್ ಆಡುವವರಿಗೆ ನಾನು ಇದನ್ನೇ ಹೇಳುತ್ತೇನೆ.

ನನಗೆ ಹೆಚ್ಚು ಖುಷಿ ಕೊಟ್ಟಿದ್ದು ಮೌಂಟನ್ ಡ್ವಾರ್ಫ್ ವಿಝರ್ಡ್. ಈ ರೇಸ್‌ಗೆ ಮಧ್ಯಮ ಕವಚ ತೊಡುವ ತರಬೇತಿ ಹುಟ್ಟಿನಿಂದಲೇ ಬರುತ್ತದೆ. ಫೈಟರ್‌ಗೋ ಬಾರ್ಬೇರಿಯನ್‌ಗೋ ಅದು ಕ್ಲಾಸ್‌ನಿಂದಲೇ ಸಿಗುವುದರಿಂದ ಅಲ್ಲಿ ಪೂರ್ತಿ ದಂಡ. ವಿಝರ್ಡ್‌ಗೆ ಮಾತ್ರ ಅದು ನಿಜವಾದ ಲಾಭ, ಯಾಕೆಂದರೆ ಐದನೇ ಆವೃತ್ತಿಯಲ್ಲಿ ತರಬೇತಿ ಇರುವ ಕವಚ ತೊಟ್ಟು ಮಂತ್ರ ಹಾಕಲು ಯಾವ ಅಡ್ಡಿಯೂ ಇಲ್ಲ. ಚುರುಕು 14 ಇಟ್ಟರೆ 50 ಚಿನ್ನದ ನಾಣ್ಯದ ಸ್ಕೇಲ್ ಮೇಲ್‌ನಲ್ಲಿ ಎಸಿ 16, ಮುಂದೆ 750 ಕೂಡಿಸಿ ಹಾಫ್ ಪ್ಲೇಟ್ ಕೊಂಡರೆ 17. ಶೀಲ್ಡ್ ಮಂತ್ರ ಸೇರಿದರೆ 22. ಮೊದಲ ಲೆವೆಲ್‌ನ ವಿಝರ್ಡ್‌ಗೆ ಇರುವುದೇ ಎರಡು ಸ್ಪೆಲ್ ಸ್ಲಾಟ್ (ಮಂತ್ರ ಹಾಕುವ ಅವಕಾಶ), ಅದರಲ್ಲಿ ಒಂದನ್ನು ಮೇಜ್ ಆರ್ಮರ್‌ಗೆ ಸುರಿಯುವುದು ಎಲ್ಫ್‌ಗೆ ದುಬಾರಿ. ಡ್ವಾರ್ಫ್‌ಗೆ ಆ ಖರ್ಚೇ ಇಲ್ಲ. ದೇಹಗಟ್ಟಿತನದ +2 ಕೂಡ ಸುಮ್ನೆ ಹೋಗುವುದಿಲ್ಲ, ಏಟು ಬಿದ್ದಾಗ ಏಕಾಗ್ರತೆ ಉಳಿಸಿಕೊಳ್ಳುವ ಸೇವ್ ಅದರ ಮೇಲೇ ನಿಂತಿದೆ.

ಕೊರತೆಗಳೂ ಇವೆ. ಬುದ್ಧಿ 15ರಲ್ಲೇ ನಿಲ್ಲುತ್ತದೆ, ಮಂತ್ರದ ಡಿಸಿ 13ರ ಬದಲು 12. ಬಲದ +2 ಯಾವ ಉಪಯೋಗಕ್ಕೂ ಬರುವುದಿಲ್ಲ. ಈ ಕವಚಗಳಲ್ಲಿ ಅಡಗಿ ನಡೆಯಲು ಹೋದರೆ ಡಿಸ್‌ಅಡ್ವಾಂಟೇಜ್, ಪಾರ್ಟಿ ಸದ್ದಿಲ್ಲದೆ ಒಳಗೆ ನುಗ್ಗಬೇಕಾದಾಗ ಇದು ತುಂಬ ಕಾಡುತ್ತದೆ. ಅದಕ್ಕೇ ಎದುರಾಳಿಗಳ ಸೇವ್ ಮೇಲೆ ನಿಂತ ಮಂತ್ರಗಳನ್ನು ಕಡಿಮೆ ಇಟ್ಟುಕೊಂಡೆ. ಮ್ಯಾಜಿಕ್ ಮಿಸೈಲ್‌ಗೆ ಡಿಸಿ ಬೇಕಿಲ್ಲ, ಹೇಸ್ಟ್ ಹಾಕುವುದು ನಮ್ಮವರ ಮೇಲೆ. ಹೀಗೆ ಮಂತ್ರ ಆರಿಸಿಕೊಂಡರೆ ಆ ಒಂದು ಪಾಯಿಂಟ್ ಕೊರತೆ ಅಷ್ಟಾಗಿ ಕಾಣುವುದೇ ಇಲ್ಲ.

ರೋಗ್‌ಗೆ ಲೈಟ್‌ಫುಟ್ ಹಾಫ್‌ಲಿಂಗ್ ಮತ್ತು ವುಡ್ ಎಲ್ಫ್. ಇಬ್ಬರಿಗೂ ಚುರುಕು +2, ಹಾಗಾಗಿ ಇಲ್ಲಿ ಅಂಕದ ಜಗಳವೇ ಇಲ್ಲ. ಹಾಫ್‌ಲಿಂಗ್‌ಗೆ ದಾಳದಲ್ಲಿ 1 ಬಿದ್ದರೆ ಮತ್ತೊಮ್ಮೆ ಉರುಳಿಸಬಹುದು, ತನಗಿಂತ ದೊಡ್ಡ ಗಾತ್ರದ ಸ್ನೇಹಿತನ ಬೆನ್ನ ಹಿಂದೆಯೇ ಅಡಗಬಹುದು. ಎರಡನೇ ಲೆವೆಲ್‌ನಿಂದ ರೋಗ್ ಮುಖ್ಯ ಆಕ್ಷನ್ ಖರ್ಚು ಮಾಡದೆ ಬೋನಸ್ ಆಕ್ಷನ್‌ನಲ್ಲೇ ಅಡಗಬಲ್ಲ, ಹಾಗಾಗಿ ಕಂಬ ಗೋಡೆ ಏನೂ ಇಲ್ಲದ ಬಯಲಲ್ಲೂ ಪ್ರತಿ ಸರದಿಗೂ ಹೆಚ್ಚು ಪೆಟ್ಟು ಕೊಡುವ ಸ್ನೀಕ್ ಅಟ್ಯಾಕ್‌ಗೆ ದಾರಿ ಸಿಗುತ್ತದೆ. ಇಷ್ಟೆಲ್ಲ ಇದ್ದೂ ನನ್ನ ಮತ ವುಡ್ ಎಲ್ಫ್‌ಗೆ. ಕಾರಣ ಒಂದೇ, ಕತ್ತಲೆ. ಹಾಫ್‌ಲಿಂಗ್‌ಗೆ ಡಾರ್ಕ್‌ವಿಷನ್ ಇಲ್ಲ. ಪಂಜು ಹಿಡಿದು ನೆಲಮಾಳಿಗೆಗೆ ಹೋಗುವ ರೋಗ್ ಎಷ್ಟು ಮೆಲ್ಲಗೆ ಹೆಜ್ಜೆ ಇಟ್ಟರೂ ಏನು ಬಂತು? ವುಡ್ ಎಲ್ಫ್‌ಗೆ 60 ಅಡಿ ಕತ್ತಲಲ್ಲಿ ಕಾಣುತ್ತದೆ, ನಡಿಗೆ 35 ಅಡಿ, ಲಾಂಗ್‌ಬೋ ತರಬೇತಿಯೂ ಇದೆ.

ಪ್ಯಾಲಡಿನ್ (ದೈವಬಲದ ಯೋಧ) ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಡ್ರ್ಯಾಗನ್‌ಬಾರ್ನ್‌ನ ಬಲ +2, ವರ್ಚಸ್ಸು +1 ನೋಡಲು ಹೇಳಿ ಮಾಡಿಸಿದ ಹಾಗಿದೆ, ಆದರೆ ಅದರ ಉಸಿರಿನ ದಾಳಿಗೆ ಇಡೀ ಆಕ್ಷನ್ ಬೇಕು. ಐದನೇ ಲೆವೆಲ್‌ನಲ್ಲಿ ಎರಡು ಏಟು ಸಿಕ್ಕ ಮೇಲೆ ನಾನು ಅದನ್ನು ಬಳಸಿದ್ದೇ ಅಪರೂಪ. ಹಾಫ್-ಎಲ್ಫ್‌ಗೆ ವರ್ಚಸ್ಸು +2, ಬೇಕಾದ ಇನ್ನೆರಡು ಅಂಕಕ್ಕೆ +1, ಎರಡು ಸ್ಕಿಲ್. ಆರನೇ ಲೆವೆಲ್‌ನ ಆರಾ (ಸುತ್ತ ಹರಡುವ ರಕ್ಷೆ) ಅದೇ ವರ್ಚಸ್ಸಿನ ಬೋನಸ್ ಅನ್ನು 10 ಅಡಿಯೊಳಗಿನ ಎಲ್ಲ ಸ್ನೇಹಿತರ ಸೇವ್‌ಗೂ ಸೇರಿಸುತ್ತದೆ. ಹಾಫ್-ಎಲ್ಫ್ ಗೆದ್ದಿತು, ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ.

ಇನ್ನು ನಿಯಮ ಬದಲಾದ ವಿಷಯ. 2020ರಲ್ಲಿ ಬಂದ ಪೂರಕ ಪುಸ್ತಕ ರೇಸ್‌ನ ಅಂಕಗಳನ್ನು ಬೇಕಾದ ಕಡೆ ಹಾಕಿಕೊಳ್ಳಲು ಬಿಟ್ಟಿತು. ನಿಮ್ಮ ಡಿಎಂ ಅದಕ್ಕೆ ಒಪ್ಪಿದರೆ ಮೌಂಟನ್ ಡ್ವಾರ್ಫ್ ಬಲದ +2 ಅನ್ನು ಬುದ್ಧಿಗೆ ತಿರುಗಿಸಿ 17 ಮಾಡಿಕೊಳ್ಳಬಹುದು, ಕವಚವೂ ಉಳಿಯುತ್ತದೆ. ಆಗ ಎಲ್ಫ್ ವಿಝರ್ಡ್ ಇದರ ಮುಂದೆ ನಿಲ್ಲುವುದು ಕಷ್ಟ. 2024ರ ನಿಯಮಗಳಲ್ಲಿ ಆ ಹೆಚ್ಚುವರಿ ಅಂಕಗಳು ಪಾತ್ರದ ಹಿನ್ನೆಲೆಯಿಂದ (ಹಿಂದಿನ ಬದುಕು) ಬರುತ್ತವೆ, ಡ್ವಾರ್ಫ್‌ನ ಆ ಕವಚದ ತರಬೇತಿ ಹೋಗಿದೆ. ಹಾಫ್-ಆರ್ಕ್ ಬದಲು ಆರ್ಕ್ ಬಂದಿದೆ, 1ರಲ್ಲಿ ನಿಲ್ಲುವ ಗುಣ ಉಳಿದಿದೆ, ಕ್ರಿಟಿಕಲ್‌ನ ಹೆಚ್ಚುವರಿ ದಾಳ ಇಲ್ಲ.

ನೋಮ್ ಬಾರ್ಬೇರಿಯನ್‌ಗೆ ಮಾತ್ರ ಎಲ್ಲ ಕಡೆಯಿಂದಲೂ ಲಾಭವಾಗಿದೆ. ಸೋಲ್ಜರ್ ಹಿನ್ನೆಲೆ ತೆಗೆದುಕೊಂಡರೆ ಬಲಕ್ಕೇ +2. ನಡಿಗೆ 30 ಅಡಿ. ಭಾರಿ ಆಯುಧಕ್ಕೆ ಗಾತ್ರದ ತಕರಾರು ಹೋಗಿ ಬಲ 13 ಇದ್ದರೆ ಸಾಕು ಅಂತಾಗಿದೆ, ಗ್ರೇಟ್‌ಆಕ್ಸ್ ಧಾರಾಳವಾಗಿ ಹಿಡಿಯಬಹುದು. ಆ ಮೂರು ಸೇವ್‌ಗಳ ಅಡ್ವಾಂಟೇಜ್ ಈಗ ಮಂತ್ರಗಳಿಗಷ್ಟೇ ಅಲ್ಲ, ಎಲ್ಲದಕ್ಕೂ ಸಿಗುತ್ತದೆ. ಹೊಸ ನಿಯಮದಲ್ಲಿ ಆಡುವವರು ಮುಂದಿನ ಬಾರ್ಬೇರಿಯನ್ ಮಾಡುವಾಗ ಮೊದಲು ಇದನ್ನೇ ಆಡಿ ನೋಡಿ.