ಡೈಸಲ್ಫಿರಾಮ್ 250 ಮಿ.ಗ್ರಾಂ: ಗುಟ್ಟಾಗಿ ಕೊಡುವ ಮಾತ್ರೆ ಇದಲ್ಲ

ಕುಡಿತ ಬಿಡಿಸುವ ಮಾತ್ರೆಗಳಲ್ಲಿ ಡೈಸಲ್ಫಿರಾಮ್ ಹಳೆಯದು, ಅಗ್ಗದ್ದು, ದಿನಕ್ಕೆ ಒಂದೇ ಸಾಕು. ತಾನೇ ಬಿಡಬೇಕೆಂದು ನಿರ್ಧರಿಸಿ, ಮನೆಯಲ್ಲಿ ದಿನಾ ಎದುರು ನಿಂತು ಕೊಡುವವರಿದ್ದರೆ ಒಳ್ಳೆಯ ಔಷಧ. ಸಾರಿಗೋ ಕಾಫಿಗೋ ಪುಡಿ ಬೆರೆಸಿ ಕೊಟ್ಟರೆ ಅದೇ ಮಾತ್ರೆ ಜೀವಕ್ಕೆ ಎರವಾಗಬಹುದು.

ಮದ್ಯ ಲಿವರ್‌ನಲ್ಲಿ ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ, ಆಮೇಲೆ ಅಸಿಟೇಟ್. ಈ ಎರಡನೇ ಹಂತದ ಕಿಣ್ವವನ್ನು ಡೈಸಲ್ಫಿರಾಮ್ ಕೆಡಿಸುತ್ತದೆ. ಆಗ ಅಸಿಟಾಲ್ಡಿಹೈಡ್ ರಕ್ತದಲ್ಲೇ ಉಳಿದು, ಕುಡಿದ 10ರಿಂದ 30 ನಿಮಿಷದಲ್ಲಿ ಮುಖ ಕೆಂಪೇರಿ, ತಲೆ ಸಿಡಿದು, ಎದೆ ಡವಡವ ಹೊಡೆದು, ವಾಂತಿ ಶುರುವಾಗುತ್ತದೆ. ಬಿಪಿ ಕುಸಿಯುತ್ತದೆ, ಹೃದಯದ ಕಾಯಿಲೆ ಇದ್ದವರು ಸಾಯಲೂಬಹುದು. ಕೆಟ್ಟ ಕಿಣ್ವದ ಜಾಗಕ್ಕೆ ದೇಹ ಹೊಸದನ್ನು ತಯಾರಿಸಬೇಕು. ಅದಕ್ಕೇ ಮಾತ್ರೆ ನಿಲ್ಲಿಸಿದ ಮೇಲೂ 2 ವಾರ ಕುಡಿಯುವಂತಿಲ್ಲ. ‘ಇವತ್ತು ಮಾತ್ರೆ ತಗೊಂಡಿದೀನಿ’ ಎಂಬ ಅರಿವೇ ಕೈ ಹಿಡಿದು ನಿಲ್ಲಿಸುವುದು. ಗೊತ್ತೇ ಇಲ್ಲದವರು ಎಂದಿನಂತೆ ಕುಡಿದುಬಿಡುತ್ತಾರೆ.

ಶುರುಮಾಡುವ ಮೊದಲು ಲಿವರ್ ಟೆಸ್ಟ್ ಮತ್ತು ಇಸಿಜಿ ಆಗಲಿ. ಕೊನೆಯ ಸಲ ಕುಡಿದು ಕನಿಷ್ಠ 12 ಗಂಟೆ ಕಳೆದಿರಬೇಕು. ಮಾತ್ರೆಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕೊಟ್ಟರೆ ನಾಲಿಗೆಯಡಿ ಬಚ್ಚಿಡಲು ಆಗದು. ಪುಡಿ ಕರಗದೆ ತಳದಲ್ಲಿ ಬಿಳಿಯಾಗಿ ಕೂರುತ್ತದೆ; ಇನ್ನಷ್ಟು ನೀರು ಹಾಕಿ ಅಲ್ಲಾಡಿಸಿ ಅದನ್ನೂ ಕುಡಿಯಬೇಕು. ತೂಕಡಿಕೆ ಬಂದರೆ ರಾತ್ರಿಗೆ ಬದಲಿಸಬಹುದು.

ಬಾಟಲಿಯಿಂದಾಚೆಗೂ ಮದ್ಯವಿದೆ, ಎಡವುವುದು ಇಲ್ಲೇ. ಆಯುರ್ವೇದದ ಅರಿಷ್ಟ-ಆಸವಗಳು, ಕೆಲವು ಕೆಮ್ಮಿನ ಸಿರಪ್‌ಗಳು, ಹೋಮಿಯೋಪತಿ ಡ್ರಾಪ್ಸ್, ಮೌತ್‌ವಾಶ್, ಆಫ್ಟರ್‌ಶೇವ್ ಕೂಡ ತೊಂದರೆ ಕೊಡಬಹುದು. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಜೊತೆಗೆ ಸೇರಿದರೆ ಚಿತ್ತವಿಕಾರ ಕಾಣಿಸಿಕೊಳ್ಳಬಹುದು. ಡೈಸಲ್ಫಿರಾಮ್ ಒಂದೇ ಇದ್ದಾಗಲೂ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ನಾರ್‌ಅಡ್ರಿನಲಿನ್ ಎಂಬ ಇನ್ನೊಂದಾಗಿ ಬದಲಾಗುವುದನ್ನು ತಡೆಯುತ್ತದೆ, ಡೋಪಮಿನ್ ಹೆಚ್ಚುತ್ತದೆ. ಅದಕ್ಕೇ ಸೈಕೋಸಿಸ್ (ಇಲ್ಲದ್ದು ಕಾಣುವ, ಕೇಳಿಸುವ ಮನೋರೋಗ) ಇರುವವರಿಗೆ ಬೇಡ. ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ಮಾತ್ರೆ ನಿಲ್ಲಿಸಿ ಅಂದೇ ಡಾಕ್ಟರ್ ಹತ್ತಿರ ಹೋಗಬೇಕು.

ದೊಡ್ಡ ಕೊರತೆಯೆಂದರೆ, ಇದು ಕುಡಿಯುವ ಚಪಲ ತಗ್ಗಿಸುವುದಿಲ್ಲ. ಅದಕ್ಕೆ ನಾಲ್ಟ್ರೆಕ್ಸೋನ್ 50 ಮಿ.ಗ್ರಾಂ ಇದೆ; ಟ್ರಮಡಾಲ್‌ನಂಥ ಓಪಿಯಾಯ್ಡ್ (ಅಫೀಮು ಬಗೆಯ) ನೋವಿನ ಮಾತ್ರೆ ತಗೊಳ್ಳುತ್ತಿರುವವರಿಗೆ ಆಗದು. ಲಿವರ್ ಸರಿಯಿಲ್ಲದವರಿಗೆ ಅಕಾಂಪ್ರೋಸೇಟ್ ಎಂಬ ಇನ್ನೊಂದು ಮಾತ್ರೆ ಮೇಲು, ಕಿಡ್ನಿ ಚೆನ್ನಾಗಿರಬೇಕು. ದಿನಕ್ಕೆ 6 ಮಾತ್ರೆ ನುಂಗುವ ತಾಳ್ಮೆಯೂ ಬೇಕು.

ಕುಡಿತ ಬಿಟ್ಟ ಮೊದಲ ದಿನಗಳ ನಡುಕಕ್ಕೂ ಡೈಸಲ್ಫಿರಾಮ್ ಔಷಧವಲ್ಲ. ವರ್ಷಗಟ್ಟಲೆ ಮದ್ಯದ ಭಾರ ತಡೆಯಲು ಮಿದುಳು ತನ್ನನ್ನು ಕೆರಳಿಸುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಏರಿಸಿಕೊಂಡಿರುತ್ತದೆ; ಭಾರ ಒಮ್ಮೆಲೇ ಇಳಿದರೆ 2 ದಿನದೊಳಗೆ ಫಿಟ್ಸ್, ಆಮೇಲೆ ಸನ್ನಿ (ಪ್ರಜ್ಞೆ ಕಲಕಿದ ಗೊಂದಲ) ಬರಬಹುದು. ಆಗ ಬೇಕಾದದ್ದು ಆಸ್ಪತ್ರೆ, ನರಗಳನ್ನು ಶಾಂತಗೊಳಿಸುವ ಕ್ಲೋರ್‌ಡಯಾಜೆಪಾಕ್ಸೈಡ್, ಮತ್ತು ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್ (ವಿಟಮಿನ್ ಬಿ1).

ಕುಡಿಯುವವರು ಚಿಕಿತ್ಸೆಗೆ ಒಪ್ಪುತ್ತಲೇ ಇಲ್ಲವೆಂದರೆ ಪುಡಿಯ ಮೊರೆ ಹೋಗಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.