ಒಂದೇ ಅಕ್ಕಿ, ಮೂರು ತಿಂಡಿ: ಶುಗರ್ ಯಾವುದಕ್ಕೆ ಎಷ್ಟು ಏರುತ್ತದೆ?

ನನ್ನ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತಿಳಿಸುವ ರಕ್ತಪರೀಕ್ಷೆ) 6.1 ಬಂದ ಮೇಲೆ ಕಂಡವರೆಲ್ಲ ಹೇಳಿದ್ದು ಒಂದೇ ಮಾತು: ಅಕ್ಕಿ ಬಿಡಿ, ರಾಗಿ ಹಿಡಿಯಿರಿ. ಈ ಸಂಖ್ಯೆ 5.7ರಿಂದ 6.4ರ ಒಳಗಿದ್ದರೆ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಹೊಸ್ತಿಲಿಗೆ ಬಂದಿದೆ ಎಂದರ್ಥ. ಊಟ ತಿದ್ದಿಕೊಳ್ಳಲು ಇದೇ ಸರಿಯಾದ ಹೊತ್ತು. ಆದರೆ ಕೊಡಗಿನಲ್ಲಿ ಅಕ್ಕಿ ಬಿಟ್ಟು ತಿನ್ನುವುದಾದರೂ ಏನು? ಬೆಳಿಗ್ಗೆ ಒಟ್ಟಿ ಅಂದರೆ ಅಕ್ಕಿ ರೊಟ್ಟಿ, ನೆಂಟರು ಬಂದರೆ ನೂಪುಟ್ಟು ಅಂದರೆ ಒತ್ತು ಶಾವಿಗೆ, ಪಂದಿ ಕರಿ (ಹಂದಿ ಸಾರು) ಮಾಡಿದ ದಿನ ಕಡಂಬುಟ್ಟು ಅಂದರೆ ಅಕ್ಕಿ ತರಿಯ ಹಬೆಯುಂಡೆ. ಮೂರೂ ಅಕ್ಕಿಯೇ, ಅದೂ ನಮ್ಮ ಗದ್ದೆಯದೇ. ಬಿಡುವ ಮೊದಲು ಈ ಮೂರೂ ನನ್ನ ಮೈಗೆ ಒಂದೇನಾ ಅಂತ ನೋಡಬೇಕು ಅನ್ನಿಸಿತು. ಗ್ಲುಕೋಮೀಟರ್ ತರಿಸಿ ಒಂದು ಮಳೆಗಾಲ ಬೆರಳು ಚುಚ್ಚಿ ನೋಡಿದೆ.

ಮಳೆಗಾಲವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಡಿಸೆಂಬರ್ ಹೊತ್ತಿಗೆ ಕಾಫಿ ಕೊಯ್ಲು ಶುರುವಾದರೆ ದಿನವಿಡೀ ತೋಟದ ಏರು ಹತ್ತಿ ಇಳಿಯುವುದೇ ಕೆಲಸ. ಕೈಕಾಲು ದುಡಿಯುವಾಗ ರಕ್ತದ ಸಕ್ಕರೆ ತಾನಾಗಿ ಖರ್ಚಾಗುತ್ತದೆ. ಆಗ ಶುಗರ್ ಇಳಿದದ್ದು ತಿಂಡಿಯಿಂದಲೋ ದುಡಿಮೆಯಿಂದಲೋ ತಿಳಿಯುವುದಿಲ್ಲ. ಜುಲೈ ಮಳೆಯಲ್ಲಿ ಎಲ್ಲರೂ ಮನೆಯಲ್ಲೇ ಅಲ್ವಾ?

ಇನ್ನು ಅಳತೆ. ಎರಡು ಒಟ್ಟಿಯನ್ನು ಎರಡು ಕಡಂಬುಟ್ಟಿನ ಜೊತೆ ಹೋಲಿಸಿದರೆ ಏನೂ ಗೊತ್ತಾಗದು. ಆದ್ದರಿಂದ ಪ್ರತಿ ಸಲ 60 ಗ್ರಾಂ ಒಣ ಅಕ್ಕಿಯಿಂದ ಎಷ್ಟು ಆಗುತ್ತದೋ ಅಷ್ಟೇ ತಿಂದೆ. ಜೊತೆಗೆ ಒಂದೇ ಅಳತೆಯ ಕಾಯಿ ಚಟ್ನಿ. ತಿನ್ನುವ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಒಂದು ಗಂಟೆಗೆ ಒಮ್ಮೆ, ಎರಡು ಗಂಟೆಗೆ ಇನ್ನೊಮ್ಮೆ ಪರೀಕ್ಷೆ. ಕಾಫಿ ಅದೆಲ್ಲ ಮುಗಿದ ಮೇಲೆ, ಅದೂ ಬೆಲ್ಲ ಇಲ್ಲದೆ. ಬೆಲ್ಲದ ಕಾಫಿ ಶುಗರ್‌ಗೆ ಏನೂ ಮಾಡಲ್ಲ ಅನ್ನುವವರು ನಮ್ಮ ಕಡೆ ತುಂಬಾ ಜನ. ಬೆಲ್ಲದಲ್ಲಿ ಇರುವುದೂ ಬಹುಪಾಲು ಸಕ್ಕರೆಯೇ. ದಯವಿಟ್ಟು ಆ ನಂಬಿಕೆ ಬಿಡಿ.

ಇನ್ನೊಂದು ವಿಷಯ. ಮನೆಯಲ್ಲಿ ಬಳಸುವ ಮೀಟರ್ ಶೇಕಡಾ 15ರವರೆಗೆ ಹೆಚ್ಚು ಕಡಿಮೆ ತೋರಿಸಬಹುದು, ನಿಯಮವೇ ಅಷ್ಟಕ್ಕೆ ಒಪ್ಪುತ್ತದೆ. 150 ಮತ್ತು 160ರ ನಡುವೆ ವ್ಯತ್ಯಾಸ ಹುಡುಕುವುದು ದಂಡ. ಮತ್ತೆ ಮತ್ತೆ ನೋಡಿದಾಗಲೂ ಎದ್ದು ಕಾಣುವ ಅಂತರವನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದೆ.

ಎಲ್ಲಕ್ಕಿಂತ ಜಾಸ್ತಿ ಏರಿಸಿದ್ದು ನೂಪುಟ್ಟು. ಒಂದು ಗಂಟೆಗೆ 200ರ ಹತ್ತಿರ ಹೋಗುತ್ತಿತ್ತು. ಮಾಡುವ ಬಗೆ ನೋಡಿದರೆ ಆಶ್ಚರ್ಯವಿಲ್ಲ. ನೆನೆದ ಅಕ್ಕಿಯನ್ನು ನುಣ್ಣಗೆ ರುಬ್ಬುತ್ತೇವೆ, ಒಲೆಯ ಮೇಲೆ ಕಾಸಿ ಗಟ್ಟಿ ಮಾಡುತ್ತೇವೆ, ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುತ್ತೇವೆ, ಆಮೇಲೆ ಶಾವಿಗೆ ಒರಳಿಗೆ ಹಾಕಿ ಎಳೆ ಎಳೆಯಾಗಿ ಒತ್ತುತ್ತೇವೆ. ಹೊಟ್ಟೆ ಮಾಡಬೇಕಾದ ಕೆಲಸದಲ್ಲಿ ಅರ್ಧ ಅಡುಗೆಮನೆಯಲ್ಲೇ ಮುಗಿದಿರುತ್ತದೆ. ನುಣ್ಣಗಾಗಿ ಪೂರ್ತಿ ಬೆಂದ ಪಿಷ್ಟ ಬೇಗ ಸಕ್ಕರೆಯಾಗಿ ರಕ್ತ ಸೇರುತ್ತದೆ. ಇದಕ್ಕೆ ಬಾಳೆಹಣ್ಣು, ತುಪ್ಪ, ಬೆಲ್ಲ ಕಲಸಿ ತಿನ್ನುವುದು ನನಗೆ ಚಿಕ್ಕಂದಿನಿಂದ ಪ್ರಾಣ. ಆ ತಿಂಡಿಯನ್ನು ಈಗ ಹಬ್ಬಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಕಡಂಬುಟ್ಟು ಅದೇ ಅಕ್ಕಿ, ಅದೇ ತೂಕ. ಒಂದು ಗಂಟೆಗೆ 165-170ರ ಆಸುಪಾಸು, ಎರಡು ಗಂಟೆಗೆ 140ಕ್ಕೆ ಸಮೀಪ. ಇಲ್ಲಿ ಅಕ್ಕಿ ಹಿಟ್ಟಾಗುವುದಿಲ್ಲ, ತರಿಯಾಗುತ್ತದೆ. ತರಿಯ ಒಳಗಿನ ಪಿಷ್ಟಕ್ಕೆ ಜೀರ್ಣರಸ ತಲುಪಲು ಹೊತ್ತು ಬೇಕು. ಮೇಲಾಗಿ ಉಂಡೆ ಗಟ್ಟಿ, ಅಗಿದು ತಿನ್ನಬೇಕು, ತಿನ್ನುವ ವೇಗವೂ ತಾನಾಗಿ ಕಡಿಮೆಯಾಗುತ್ತದೆ. ಇದು ತರಿಯ ಗುಣವೇ ಹೌದೋ ಅಲ್ಲವೋ ಎಂದು ತಿಳಿಯಲು ಅಂಗಡಿಯ ಸಣ್ಣ ರವೆಯಲ್ಲೂ ಮಾಡಿ ನೋಡಿದೆ. ಮನೆಯಲ್ಲಿ ದಪ್ಪಗೆ ಒಡೆಸಿದ ತರಿಗಿಂತ ಅದು ಮೇಲೆ ಹೋಯಿತು, ನೂಪುಟ್ಟಿನಷ್ಟು ಅಲ್ಲದಿದ್ದರೂ. ಅಂದಿನಿಂದ ಮಿಲ್ಲಿನಲ್ಲಿ ತರಿ ದಪ್ಪಗೆ ಇರಲಿ ಅಂತ ಹೇಳಿಯೇ ಒಡೆಸುತ್ತೇನೆ. ಉಂಡೆ ಅಷ್ಟು ನಯವಾಗಿ ಬರುವುದಿಲ್ಲ. ಬಿಸಿ ಇರುವಾಗಲೇ, ಕೈಗೆ ತಣ್ಣೀರು ಮುಟ್ಟಿಸಿಕೊಂಡು ಕಟ್ಟಿದರೆ ನಿಲ್ಲುತ್ತದೆ.

ಒಟ್ಟಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಒಟ್ಟಿ ಅನ್ನುವ ಒಂದೇ ಹೆಸರಲ್ಲಿ ಎರಡು ತಿಂಡಿ ಇವೆ. ಬರೀ ಹಿಟ್ಟನ್ನು ಬಿಸಿನೀರಲ್ಲಿ ಕಲಸಿ ಮಾಡುವ ಒಟ್ಟಿ ನೂಪುಟ್ಟಿನ ಹಿಂದೆಯೇ ಓಡಿತು. ನಮ್ಮ ಮನೆಯ ಹಳೇ ಕ್ರಮ ಬೇರೆ. ರಾತ್ರಿ ಉಳಿದ ಅನ್ನವನ್ನು ಚೆನ್ನಾಗಿ ಕಿವುಚಿ, ಅದಕ್ಕೆ ಹಿಟ್ಟು ಸೇರಿಸಿ ನಾದಿ ತಟ್ಟುವುದು. ಈ ಒಟ್ಟಿ ಕಡಂಬುಟ್ಟಿಗೂ ನೂಪುಟ್ಟಿಗೂ ನಡುವೆ ನಿಂತಿತು. ಬೆಂದ ಅನ್ನ ತಣ್ಣಗಾಗಿ ರಾತ್ರಿಯಿಡೀ ಕೂತಾಗ ಅದರ ಪಿಷ್ಟದಲ್ಲಿ ಒಂದು ಪಾಲು ಮತ್ತೆ ಗಟ್ಟಿಯಾಗಿ ಹೆಣೆದುಕೊಳ್ಳುತ್ತದೆ. ಆ ಪಾಲು ಸಣ್ಣಕರುಳಿನಲ್ಲಿ ಕರಗದೆ ಮುಂದೆ ಹೋಗುತ್ತದೆ, ನಾರಿನ ಹಾಗೆ. ಮತ್ತೆ ಬಿಸಿ ಮಾಡಿದರೂ ಸ್ವಲ್ಪ ಉಳಿಯುತ್ತದೆ. ನಿನ್ನೆಯ ಕಡಂಬುಟ್ಟನ್ನು ಇವತ್ತು ಹಬೆಯಲ್ಲಿ ಬಿಸಿ ಮಾಡಿ ತಿಂದಾಗಲೂ ನನಗೆ ಒಳ್ಳೆಯ ಫಲವೇ ಸಿಕ್ಕಿತು.

ಇದನ್ನು ಓದಿ ಅನ್ನವನ್ನು ರಾತ್ರಿ ಹೊರಗೇ ಇಡಬೇಡಿ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಇರಬಹುದು, ಅದರ ಬೀಜಾಣು ಕುದಿಸಿದರೂ ಸಾಯದು. ಹೊರಗಿಟ್ಟ ಅನ್ನದಲ್ಲಿ ಅದು ಬೆಳೆದು ವಿಷ ಬಿಟ್ಟರೆ, ಮರುದಿನ ಎಷ್ಟು ಕಾಯಿಸಿದರೂ ಆ ವಿಷ ಹೋಗುವುದಿಲ್ಲ. ಮಡಿಕೇರಿಯ ಚಳಿ ನಂಬಿ ಕೂರಬಾರದು. ಆರಿದ ಕೂಡಲೇ ಫ್ರಿಜ್‌ಗೆ ಇಡಿ.

ಒಟ್ಟಿಯಲ್ಲಿ ಇನ್ನೊಂದು ತೊಂದರೆ ಇದೆ. ಅದು ತೆಳ್ಳಗೆ, ಬಿಸಿಬಿಸಿಯಾಗಿ ತಟ್ಟೆಗೆ ಬೀಳುತ್ತಲೇ ಇರುತ್ತದೆ, ಎಷ್ಟು ತಿಂದೆವು ಅಂತ ಗೊತ್ತೇ ಆಗುವುದಿಲ್ಲ. ಕಡಂಬುಟ್ಟು ಹಾಗಲ್ಲ, ಎಣಿಸಬಹುದು. ಒಟ್ಟಿಯನ್ನು ಕೆಂಡದ ಮೇಲೆ ಉಬ್ಬಿಸುವಾಗ ಕಪ್ಪಾಗಲು ಬಿಡದಿದ್ದರೆ ಒಳ್ಳೆಯದು. ಪಿಷ್ಟ 120 ಡಿಗ್ರಿ ದಾಟಿ ಸುಟ್ಟಾಗ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹುಟ್ಟುತ್ತದೆ. ಹಬೆಯ ತಿಂಡಿಯಲ್ಲಿ ಆ ಚಿಂತೆ ಇಲ್ಲ.

ರಾಗಿಯನ್ನೂ ಬಿಡಲಿಲ್ಲ. ಗಟ್ಟಿ ಮುದ್ದೆಯನ್ನು ಸಾರು, ಕಾಳಿನ ಜೊತೆ ತಿಂದಾಗ ಕಡಂಬುಟ್ಟಿಗೆ ಸಮ ಅನ್ನಬಹುದು. ನುಣ್ಣಗಿನ ಹಿಟ್ಟಿನ ಗಂಜಿ ಕುಡಿದಾಗ ಮಾತ್ರ ಶುಗರ್ ಬೇಗ ಮೇಲೆ ಹೋಯಿತು. ರಾಗಿಯಲ್ಲಿ ಅಕ್ಕಿಗಿಂತ ಎಷ್ಟೋ ಪಟ್ಟು ಜಾಸ್ತಿ ಕ್ಯಾಲ್ಸಿಯಂ ಇದೆ, ನಾರೂ ಇದೆ, ಅದಕ್ಕಾಗಿ ತಿನ್ನಲೇಬೇಕು. ಆದರೆ ಶುಗರ್ ಇಳಿಸುತ್ತೇನೆ ಅಂತ ದಿನಾ ಬೆಳಿಗ್ಗೆ ಲೋಟ ತುಂಬ ರಾಗಿ ಗಂಜಿ ಕುಡಿಯುವವರು ಒಮ್ಮೆ ಬೆರಳು ಚುಚ್ಚಿ ನೋಡಿ.

ಚಟ್ನಿ ಬದಲು ಪಕ್ಕದಲ್ಲಿ ಬೇರೆ ಏನಿದ್ದರೆ ಏನಾಗುತ್ತದೆ? ಅದೇ ಕಡಂಬುಟ್ಟನ್ನು ಕೋಳಿ ಕರಿ ಜೊತೆ ತಿಂದಾಗ ಏರಿಕೆ ಇನ್ನೂ ನಿಧಾನವಾಯಿತು. ಮೊದಲು ಕೋಳಿ ಮತ್ತು ಸೊಪ್ಪಿನ ಪಲ್ಯ ತಿಂದು, ಕೊನೆಗೆ ಕಡಂಬುಟ್ಟು ಮುಟ್ಟಿದ ದಿನಗಳೇ ಎಲ್ಲಕ್ಕಿಂತ ಚೆನ್ನಾಗಿದ್ದವು. ಪಂದಿ ಕರಿಯಲ್ಲೂ ಶುಗರ್ ಬೇಗ ಏರಲಿಲ್ಲ, ಆದರೆ ಅದರ ಕೊಬ್ಬಿನ ಲೆಕ್ಕ ಗ್ಲುಕೋಮೀಟರ್‌ನಲ್ಲಿ ಕಾಣುವುದಿಲ್ಲ. ವಾರಕ್ಕೊಮ್ಮೆ ಸಾಕು ಅನ್ನುವುದು ನನ್ನ ತೀರ್ಮಾನ. ಪಂದಿ ಕರಿಗೆ ಹಾಕುವ ಕಾಚಂಪುಳಿ (ಹುಳಿ ಹಣ್ಣಿನ ರಸ ಕಾಯಿಸಿ ಮಾಡುವ ಕಪ್ಪು ಹುಳಿ) ತೂಕ ಇಳಿಸುತ್ತದೆ ಅಂತ ಸುಮ್ನೆ ಚಮಚಗಟ್ಟಲೆ ಕುಡಿಯುವವರನ್ನು ಕಂಡರೆ ನನಗೆ ಭಯ. ಅದೇ ಜಾತಿಯ ಹಣ್ಣಿನಿಂದ ಮಾಡಿದ ಮಾತ್ರೆ ತಿಂದು ಲಿವರ್ ಕೆಟ್ಟವರಿದ್ದಾರೆ. ಕರಿಗೆ ಹಾಕುವಷ್ಟು ಹಾಕಿ, ಅಷ್ಟೇ.

ಅವ್ವನ ಲೆಕ್ಕ ನನ್ನದಕ್ಕಿಂತ ಬೇರೆ. ಅವರಿಗೆ ಹಲ್ಲಿಲ್ಲ, ದಪ್ಪ ತರಿಯ ಕಡಂಬುಟ್ಟು ಆಗದು, ನೂಪುಟ್ಟೇ ಬೇಕು. ಅದಕ್ಕೆ ನೂಪುಟ್ಟನ್ನು ಅರ್ಧಕ್ಕೆ ಇಳಿಸಿ, ಮೆತ್ತಗೆ ಬೆಂದ ಕೋಳಿಯನ್ನೋ ಮೊಟ್ಟೆಯನ್ನೋ ಜಾಸ್ತಿ ಮಾಡಿದೆವು. ಅವರು ಶುಗರ್ ಮಾತ್ರೆ ನುಂಗುವವರಾದ್ದರಿಂದ ಇದನ್ನು ಶುರು ಮಾಡುವ ಮೊದಲೇ ಡಾಕ್ಟರ್‌ಗೆ ಹೇಳಿದೆವು. ಮಾತ್ರೆ ಅಷ್ಟೇ ಇದ್ದು ಅಕ್ಕಿ ಒಮ್ಮೆಲೇ ಕಡಿಮೆಯಾದರೆ ಶುಗರ್ ತೀರಾ ಕೆಳಗೆ ಬೀಳಬಹುದು. ಡಾಕ್ಟರ್ ಶುಗರ್ ಬರೆದಿಡುವ ನಮ್ಮ ಪುಸ್ತಕ ನೋಡಿ ಬೆಳಗಿನ ಮಾತ್ರೆಯನ್ನು ಸ್ವಲ್ಪ ಬದಲಿಸಿ ಕೊಟ್ಟರು. ಈಗ ಅವ್ವನ ಸಂಖ್ಯೆಗಳನ್ನೂ ಅದೇ ಪುಸ್ತಕದಲ್ಲಿ ಬೇರೆ ಪುಟದಲ್ಲಿ ಬರೆಯುತ್ತಿದ್ದೇನೆ.