ಸೋಯಾ ಹಿಂಡಿಯ ಮೀನುಮೇವು: ನಮ್ಮ ಹೊಂಡದ ಆರು ತಿಂಗಳು

ಶ್ರೀನಿವಾಸಪುರದ ಹತ್ತಿರ, ಮಾವಿನ ತೋಟದ ಪಕ್ಕದ ಕೃಷಿ ಹೊಂಡದಲ್ಲಿ ಗಿಫ್ಟ್ ಅನ್ನೋ ಸುಧಾರಿತ ತಳಿಯ ತಿಲಾಪಿಯಾ ಮೀನು ಸಾಕ್ತಿದ್ದೀನಿ. ಈ ಸಲ ಸೋಯಾ ಹಿಂಡಿ, ಮೆಕ್ಕೆಜೋಳ, ಅಕ್ಕಿ ತೌಡೇ ಮುಖ್ಯವಾಗಿರೋ, ಫೈಟೇಸ್ ಕಿಣ್ವ ಸೇರಿಸಿದ ತೇಲುವ ಮೇವು ತಂದೆ.

ಮೊದಲ ವಾರ ಮೀನುಗಳು ಮೇವಿನ ಕಾಳನ್ನ ಬಾಯಿಗೆ ಹಾಕ್ಕೊಂಡು ಉಗುಳಿದವು. "ಹಿಂಡಿ ತಿನ್ನೋಕೆ ಅವೇನು ಹಸುಗಳೇನೋ?" ಅಂದ್ರು ಅಮ್ಮ. ಹಳೇ ಮೇವನ್ನ ಅರ್ಧ ಬೆರೆಸಿ ಕೊಟ್ಟೆ, ಹತ್ತು ದಿನದಲ್ಲಿ ಒಗ್ಗಿಕೊಂಡವು.

ನನಗೆ ನಿಜವಾಗಿ ಖುಷಿ ಕೊಟ್ಟಿದ್ದು ನೀರು. ಸೋಯಾ, ತೌಡಿನಲ್ಲಿರೋ ರಂಜಕದ ಬಹುಪಾಲು ಫೈಟೇಟ್ ಆಗಿ ಗಂಟು ಹಾಕಿಕೊಂಡಿರುತ್ತೆ. ಮೀನಿಗೆ ಅದು ದಕ್ಕಲ್ಲ, ಹಿಕ್ಕೆಯ ಜೊತೆ ನೀರಿಗೆ ಸೇರಿ ಪಾಚಿಗೆ ಗೊಬ್ಬರವಾಗುತ್ತೆ. ಆ ಗಂಟು ಬಿಚ್ಚೋದೇ ಫೈಟೇಸ್. ಹೋದ ವರ್ಷ ಏಪ್ರಿಲ್‌ನಲ್ಲಿ ಹಸಿರು ರಾಡಿಯಾಗಿದ್ದ ಹೊಂಡದಲ್ಲಿ ಈ ಸಲ ಮೊಣಕೈವರೆಗೆ ಕೈ ಇಳಿಸಿದರೂ ಬೆರಳು ಕಾಣ್ತಿತ್ತು. ಬೆಳವಣಿಗೆ ಹಳೇ ಮೇವಿನಷ್ಟೇ, ಚೀಲದ ಬೆಲೆ ಕಡಿಮೆ.

ರೋಹು, ಕಾಟ್ಲಾ ಸಾಕೋರು ಇಷ್ಟೇ ಲಾಭ ಎಣಿಸಬೇಡಿ. ತಿಲಾಪಿಯಾ ಜಠರದಲ್ಲಿ ಆಮ್ಲ ಇದೆ, ಈ ಕಿಣ್ವ ಚೆನ್ನಾಗಿ ಕೆಲಸ ಮಾಡೋದು ಅಲ್ಲೇ. ರೋಹು, ಕಾಟ್ಲಾ ಸೇರಿರೋ ಗೆಂಡೆ ಜಾತಿಗೆ ಜಠರವೇ ಇಲ್ಲ.

ಬೇಸರ ಒಂದೇ. ಬಿಸಿಗೆ ಕಿಣ್ವ ಸಾಯುತ್ತೆ, ಆದ್ರೆ ಅದನ್ನ ಕಾಳು ತಯಾರಾದ ಮೇಲೆ ಸಿಂಪಡಿಸಿದ್ದಾ, ಮೊದಲೇ ಬೆರೆಸಿದ್ದಾ ಅಂತ ಚೀಲದ ಮೇಲೆ ಬರೆದಿಲ್ಲ. ನಾನು ತಗೊಂಡ ಅಂಗಡಿಯಲ್ಲಿ ಚೀಲಗಳು ತಗಡಿನ ಶೀಟಿನ ಕೆಳಗೆ ಕಾದು ಕೂತಿದ್ದವು. ಒಳಗಿನಿಂದ ಹೊಸ ಚೀಲ ಕೇಳಿ ಪಡೆದೆ. ಮುಂದಿನ ಬೆಳೆಗೂ ಇದೇ ಮೇವು, ಆದ್ರೆ ಒಂದು ಸಲಕ್ಕೆ ಎರಡೇ ಚೀಲ.